ಬಾಯಿಪಾಠದ ಬೆರಗು

ಹೊನ್ನಾವರದಲ್ಲಿ ಸ್ಪೋಕನ್ ಇಂಗ್ಲಿಷ್ ಕ್ಲಾಸು ನಡೆಸುವವಳಿಗೆ ನಗು ಹುಡುಕಿಕೊಂಡು ಹೋಗುವ ಕಷ್ಟವಿಲ್ಲ. ಫೀಸು ಕಟ್ಟಿ ತಾನಾಗೇ ಬಂದು ಬೆಂಚಿನ ಮೇಲೆ ಕೂರುತ್ತದೆ. ವ್ಯಾಕರಣ ತಪ್ಪಿದರೆ ಸಹಿಸಬಹುದು. ಆಶ್ಚರ್ಯಪಡುವುದನ್ನೂ ಬಾಯಿಪಾಠ ಮಾಡುತ್ತಾರಲ್ಲ, ಅದು ಮಾತ್ರ ದೇವರಿಗೇ ಪ್ರೀತಿ.

ಅಳಿಯನ ವಾವ್

ಬ್ಯಾಂಕ್ ಅಧಿಕಾರಿಯೊಬ್ಬರು ಎಲ್ಲದಕ್ಕೂ ‘ವಾವ್’ ಅನ್ನುತ್ತಿದ್ದರು. “ಸರ್, ಅದು ಒಳ್ಳೆ ಸುದ್ದಿಗೆ ಮಾತ್ರ” ಎಂದೆ. “ಆಶ್ಚರ್ಯ ಅಂದ್ರೆ ಆಶ್ಚರ್ಯ ಮೇಡಂ. ಅದ್ರಲ್ಲಿ ಒಳ್ಳೇದು ಕೆಟ್ಟದ್ದು ಎಂತ?” ಎಂದು ನನಗೇ ಪಾಠ ಹೇಳಿದರು. ಮರುವಾರ ಹಳದೀಪುರದಿಂದ ಅವರ ಅತ್ತೆ ವೀಡಿಯೊ ಕಾಲ್ ಮಾಡಿ, “ನಿಮ್ಮ ಮಾವ ತೋಟದಲ್ಲಿ ಜಾರಿ ಕಾಲು ಮುರ್ಕಂಡ್ರು” ಎಂದು ಅತ್ತರಂತೆ. ಇವರು ಹುಬ್ಬೇರಿಸಿ, ಬಾಯಿ ಅಗಲಿಸಿ, “ವಾವ್!” ಅಂದರು. ಅತ್ತೆ ಫೋನನ್ನು ಮಾವ ಮಲಗಿದ್ದ ಮಂಚದತ್ತ ತಿರುಗಿಸಿದರು: “ನೋಡಿ, ಅಳಿಯಂದಿರಿಗೆ ಎಷ್ಟು ಖುಷಿ!”

ದಾರಿ ಬಂದ್

ಇನ್ನೊಬ್ಬರು ಬಸ್‌ಸ್ಟ್ಯಾಂಡ್ ಹತ್ತಿರ ಬಟ್ಟೆ ಅಂಗಡಿ ಇಟ್ಟವರು. ನಂಬಲಾಗದ ಮಾತಿಗೆ ‘ನೋ ವೇ’ ಅನ್ನಬಹುದೆಂದು ಕಲಿತಿದ್ದರು. ಪರರಾಜ್ಯದ ಕುಟುಂಬವೊಂದು ಕಾರು ನಿಲ್ಲಿಸಿ, ಈ ಬಿಸಿಲಲ್ಲಿ ಗೇರುಸೊಪ್ಪಕ್ಕೆ ಹೊರಟಿದ್ದೇವೆ ಎಂದು ಇಂಗ್ಲಿಷಿನಲ್ಲಿ ಹೇಳಿತು. ಇವರು ಬೆರಗಾಗಿ ಎರಡೂ ಕೈ ಮೇಲೆತ್ತಿ, “ನೋ ವೇ!” ಅಂದರು. ಕಾರಿನವನು ಥ್ಯಾಂಕ್ಸ್ ಹೇಳಿ, ಗಾಡಿ ತಿರುಗಿಸಿ, ಬಂದ ದಾರಿಯಲ್ಲೇ ಹೋದ. “ನನ್ನ ಇಂಗ್ಲಿಷು ಅವರಿಗೆ ಕೂಡಲೇ ಅರ್ಥ ಆತು ಮೇಡಂ” ಎಂದು ಇವರು ಕ್ಲಾಸಿನಲ್ಲಿ ಎದೆ ಉಬ್ಬಿಸಿದರು.

ಹೆಣ್ಣು ನೋಡಲು ಹೋದದ್ದು

ಇವರೆಲ್ಲರನ್ನೂ ಮೀರಿಸಿದವನು ಕುಮಟಾದ ಗುತ್ತಿಗೆದಾರರೊಬ್ಬರ ಮಗ. ಕನ್ನಡದಲ್ಲಿ ಸೀನುವುದಕ್ಕೂ ನಾಚುವ ಆಸಾಮಿ. ಭಟ್ಕಳದ ಮೀನುಗಾರಿಕೆ ಬೋಟಿನ ಮಾಲೀಕರೊಬ್ಬರ ಮನೆಗೆ ಹೆಣ್ಣು ನೋಡಲು ಹೊರಟಾಗ, ತನ್ನ ಇಂಗ್ಲಿಷಿಗೆ ಸಾಕ್ಷಿ ಬೇಕೆಂದು ನನ್ನನ್ನೂ ಕಾರಿನಲ್ಲಿ ಕೂರಿಸಿಕೊಂಡ. ದೊಡ್ಡವರ ನಡುವೆ ಒಪ್ಪಿಗೆ ಮೊದಲೇ ಆಗಿತ್ತು. ದಿನ ಗೊತ್ತು ಮಾಡುವುದೊಂದೇ ಬಾಕಿ.

ಹುಡುಗಿಯ ಅಪ್ಪ ಹೆಮ್ಮೆಯಿಂದ, “ನಮ್ಮ ಬೋಟಿನ ಇಂಜಿನ್ ಕೆಟ್ರೆ ಇವಳೇ ಬಿಚ್ಚಿ ಸರಿ ಮಾಡ್ತಾಳೆ” ಅಂದರು.

ಹುಡುಗ ಕಾಲ ಮೇಲೆ ಕಾಲು ಹಾಕಿ, ನನ್ನತ್ತ ಒಮ್ಮೆ ನೋಡಿ, “ಯು ಮಸ್ಟ್ ಬಿ ಜೋಕಿಂಗ್!” ಎಂದ.

“ಎಂತ ಅಂದ್ರು ಮಗಾ?” ಅಪ್ಪ ಮಗಳನ್ನು ಕೇಳಿದರು.

“ನೀನು ತಮಾಷೆ ಮಾಡ್ತಿದ್ದೀಯಂತೆ ಅಪ್ಪ.”

ಅಪ್ಪ ಮಗಳ ಮುಖ ನೋಡಿದರು. ಅವಳು ಬೇಡವೆಂದು ಸಣ್ಣಗೆ ತಲೆಯಾಡಿಸಿದಳು.

“ಹೌದು ಅಂತ ಹೇಳು. ಹೆಣ್ಣು ಕೊಡ್ತೇವೆ ಅಂದದ್ದೂ ತಮಾಷೆಗೇ!”

ನನ್ನ ಕ್ಲಾಸಿಗೆ ಸೇರಿದ ಮೇಲೆ ಮೊದಲ ಸಲ ಹುಡುಗನ ಬಾಯಿಂದ ಸಹಜವಾದ ಉದ್ಗಾರ ಹೊರಟಿತು: “ಅಯ್ಯಯ್ಯೋ, ಸತ್ತೆ!”