ಮೂಲ ಯಾವುದು, ಹೇಳು!

ಇಂಟರ್ನೆಟ್ ನೋಡಿ ಪ್ರಾಜೆಕ್ಟ್ ಮಾಡಿ ಎಂದು ಮಕ್ಕಳಿಗೆ ಹೇಳಿದಾಗಿನಿಂದ ನನ್ನ ಕ್ಲಾಸಿನಲ್ಲಿ ವಾರಕ್ಕೊಂದಾದರೂ ಕಳ್ಳತನ ಪತ್ತೆಯಾಗುತ್ತಲೇ ಇದೆ. ನಾನು ಕೊಡಿಗೇನಹಳ್ಳಿ ಕಡೆಯ ಹೈಸ್ಕೂಲಿನ ಮೇಡಂ. ಸ್ಟಾಫ್ ರೂಮಿನಲ್ಲಿ ನನಗೆ ಅನುಮಾನದ ಪಿಶಾಚಿ ಎಂದೇ ಹೆಸರು. ಒಂಬತ್ತನೇ ಕ್ಲಾಸಿನ ಮಗು ‘ಆದಾಗ್ಯೂ’ ಎಂದು ಬರೆದರೆ ಸಾಕು, ನನ್ನ ಕಿವಿ ನೆಟ್ಟಗಾಗುತ್ತದೆ.

ಈ ಸಲ ಮಧುಗಿರಿಯ ತಾಲ್ಲೂಕು ಸ್ಪರ್ಧೆಗೆ ಒಂದೇ ಪ್ರಾಜೆಕ್ಟ್ ಕಳಿಸಬೇಕಿತ್ತು. “ಯಾರು ಬರೆದದ್ದು ಅಂತ ನೋಡದೆ ಏನನ್ನೂ ನಂಬಬೇಡಿ. ಕೊನೇ ಪುಟದಲ್ಲಿ ಮೂಲ ಬರೀರಿ” ಎಂದು ಖಡಾಖಂಡಿತವಾಗಿ ಹೇಳಿದ್ದೆ.

ನಾಗಲಮಡಿಕೆ

ಮೊದಲು ಬಂದವನು ರಾಗಿಯ ಮೇಲೆ ಎಂಟು ಪುಟ ತಂದಿದ್ದ. ಮೂಲ ಬರೆದಿರಲಿಲ್ಲ.

“ಮೂಲ ಯಾವುದೋ?”

“ಮೂಲ ನಾಗಲಮಡಿಕೆ ಮೇಡಂ. ಇಲ್ಲಿಗ್ ಬಂದು ಮೂರ್ ವರ್ಷ ಆಯ್ತು.”

“ನಿಂದಲ್ಲ ಕಣೋ, ಇದರದ್ದು!”

ಹುಡುಗ ಪುಟ ತಿರುವಿ ನೋಡಿದ. “ಇದೂ ಅಲ್ಲೀದೇ ಮೇಡಂ. ನಮ್ ಮಾಮ ಕಳ್ಸವ್ರೆ.”

ನಿಮಗಾಗಿ

ಎರಡನೆಯವನದು ಕೆರೆಗಳ ಬಗ್ಗೆ. ಮುದ್ದಾದ ಅಕ್ಷರ. ಮೊದಲ ಸಾಲೇ ‘ಖಂಡಿತ! ನಿಮಗಾಗಿ ಒಂದು ಪ್ರಬಂಧ ಇಲ್ಲಿದೆ.’

“ಇದನ್ನ ಬರೆದದ್ದು ಮೊಬೈಲೋ, ನೀನೋ?”

“ನಾನೇ ಮೇಡಂ.”

“ಹಂಗಾದ್ರೆ ‘ನಿಮಗಾಗಿ’ ಅಂದ್ರೆ ಯಾರಿಗೆ?”

“ನಿಮ್ಗೇ ಮೇಡಂ. ಮರ್ವಾದೆ ಕೊಡ್ಬೇಕಲ್ವಾ?”

ಉಗುರು

ಕೊನೆಗೆ ಉಳಿದವಳು ಒಬ್ಬ ಹುಡುಗಿ. ಅವಳ ತಾಯಿ ಶಿರಾದಲ್ಲಿ ಕಡಲೆಕಾಯಿ ಸುಲಿಯುವ ಕೆಲಸಕ್ಕೆ ಹೋಗುತ್ತಿದ್ದರು. ‘ಹಂಗಾಮು ಮುಗಿಯುವವರೆಗೆ ನಮ್ಮಮ್ಮನ ಹೆಬ್ಬೆರಳಿನ ಉಗುರು ಬೆಳೆಯುವುದಿಲ್ಲ’ ಎಂದು ಬರೆದಿದ್ದಳು. ಇಷ್ಟು ಚೆಂದದ ಸಾಲು ಇವಳದಾಗಿರಲು ಸಾಧ್ಯವೇ ಇಲ್ಲ ಎನಿಸಿತು. ಮೊಬೈಲಿನಲ್ಲಿ ಹುಡುಕಿದೆ. ಅಕ್ಷರಕ್ಕಕ್ಷರ ಸಿಕ್ಕಿತು!

“ನೀನು ಮಧುಗಿರಿಗೆ ಹೋಗಲ್ಲ. ನಾಳೆ ಅಮ್ಮನ್ನ ಕರ್ಕೊಂಡ್ ಬಾ” ಎಂದೆ. ಹುಡುಗಿ ಅತ್ತಳು. ನಾನು ಕರಗಲಿಲ್ಲ.

ಮಾರನೇ ದಿನ ತಾಯಿ ಕೂಲಿ ಬಿಟ್ಟು ಬಂದರು. “ನನ್ ಮಗ್ಳು ಅಂಗೆಲ್ಲಾ ಕದಿಯೋಳಲ್ಲ ಕಣಮ್ಮ.”

ನಾನು ಸಾಕ್ಷಿ ಸಮೇತ ಮೊಬೈಲ್ ಮುಂದೆ ಹಿಡಿದೆ. ಹುಡುಗಿ ಬಗ್ಗಿ, ಬೆರಳಿನಿಂದ ಪುಟವನ್ನು ಕೆಳಗಿನವರೆಗೆ ಸರಿಸಿದಳು. “ಮೇಡಂ, ಯಾರ್ ಬರ್ದವ್ರೆ ಅಂತ ನೋಡ್ಲಿಲ್ವಾ?”

ಅಲ್ಲಿ ನನ್ನ ಹೆಸರಿತ್ತು. ಅದು ನಮ್ಮ ಶಾಲೆಯದೇ ವೆಬ್‌ಸೈಟಿನ ಪುಟ. ಹೋದ ವರ್ಷ ಅವಳ ಪ್ರಬಂಧ ಮೆಚ್ಚಿ, ನನ್ನ ಲಾಗಿನ್ನಿನಿಂದ ನಾನೇ ಅದರಲ್ಲಿ ಹಾಕಿ ಮರೆತಿದ್ದೆ. ಹಾಕಿದವರ ಹೆಸರೇ ಬರೆದವರ ಹೆಸರಾಗಿ ಕೂತಿತ್ತು. ನಾಚಿಕೆಯಿಂದ ಭೂಮಿಗಿಳಿದು ಹೋದೆ.

“ಏನಂತೆ?” ತಾಯಿ ಕೇಳಿದರು.

“ಕಳ್ಳರು ಸಿಕ್ರು ಕಣಮ್ಮ” ಎಂದಳು ಮಗಳು.

ಹುಡುಗಿ ಮಧುಗಿರಿಗೆ ಹೋದಳು. ನನ್ನ ಷರತ್ತಿನಂತೆ ಕೊನೇ ಪುಟದಲ್ಲಿ ದುಂಡಗೆ ಬರೆದಿದ್ದಳು: ‘ಮೂಲ: ನಾನು. ನಕಲು: ನಮ್ಮ ಮೇಡಂ.’