ಕಲ್ಲುರಾಕ್ಷಸನೂ ಅವ್ವನ ಅಂಗೈಯೂ

ಆಡುವವನಿಗಿಂತ ಪಕ್ಕದಲ್ಲಿ ಕೂತು ನೋಡುವವನಿಗೆ ಆಟ ಹೆಚ್ಚು ಗೊತ್ತಿರುತ್ತದೆ. ಕೇರಂ ಬೋರ್ಡಿನ ಸುತ್ತ ನಿಂತವರನ್ನು ನೋಡಿ. ಆಡುವವನು ಇನ್ನೂ ಗುರಿ ನೋಡುತ್ತಿರುವಾಗಲೇ ಬೆನ್ನ ಹಿಂದಿನಿಂದ ನಾಲ್ಕಾರು ಸಲಹೆ ಬಂದಿರುತ್ತವೆ. ಆ ಬೆನ್ನ ಹಿಂದಿನವರ ಕುಲಕ್ಕೆ ಸೇರಿದವನು ನಾನು. ಸಂಭಾಜಿನಗರದ ಚಿಕಲಠಾಣಾ ಬಡಾವಣೆಯ ರಟ್ಟಿನ ಡಬ್ಬಿ ಕಾರ್ಖಾನೆಯಲ್ಲಿ ನನಗೆ ಕೆಲಸ. ನಮ್ಮ ಮ್ಯಾನೇಜರ್ ಸಾಹೇಬರ ಹತ್ತಿರ ಚಹಾಕ್ಕೆ ಮೊದಲು ರಜೆ ಕೇಳಿದರೆ ಸಿಗುವುದಿಲ್ಲ, ಚಹಾ ಆದಮೇಲೆ ಕೇಳಿದರೆ ಸಿಗುತ್ತದೆ ಎಂದು ಹೊಸಬರಿಗೆ ಯಾರೂ ಕೇಳದಿದ್ದರೂ ಹೇಳಿಕೊಡುವವನು ನಾನೇ. ಗೊತ್ತಿದ್ದದ್ದನ್ನು ಹೇಳದೆ ಇಟ್ಟುಕೊಂಡರೆ ನನಗೆ ಉಂಡ ಅನ್ನ ಅರಗುವುದಿಲ್ಲ. ಇಂಥವನು ಹೆತ್ತ ತಾಯಿಯ ಪಕ್ಕದಲ್ಲಿ ಒಂದು ಚಳಿಗಾಲ ಪೂರ್ತಿ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೆ ಎಂದರೆ ನೀವು ದಯವಿಟ್ಟು ನಂಬಬೇಕು.

ಅವ್ವನ ಊರು ಬೀದರ್ ಕಡೆಯ ಭಾಲ್ಕಿ. ಸಂಭಾಜಿನಗರದ ನಮ್ಮ ಮನೆಗೆ ಬಂದಾಗಲೆಲ್ಲ ಅವಳಿಗೆ ಒಂದು ದೇವರನ್ನಾದರೂ ತೋರಿಸಿ ಕಳಿಸಬೇಕು. ಈ ಸಲ ತ್ರ್ಯಂಬಕೇಶ್ವರ ಎಂದಳು. ನಾಸಿಕದವರೆಗೆ ಬಸ್ಸು, ಅಲ್ಲಿಂದ ಹತ್ತಾರು ಜನರನ್ನು ತುಂಬಿಕೊಂಡು ಹೋಗುವ ಜೀಪು. ದೇವಸ್ಥಾನದ ಹತ್ತಿರ ಇಳಿಯುವಾಗ ನಮಗೆಲ್ಲ ಹುಷಾರಾಗಿ ಇಳಿಯಿರಿ, ಮೆಟ್ಟಿಲು ಎತ್ತರ ಇದೆ ಎಂದು ಹೇಳುತ್ತಾ ಹೇಳುತ್ತಾ ಅವಳೇ ಕಾಲು ಜಾರಿ ಎಡಗೈ ಊರಿ ಬಿದ್ದಳು. ಸಲಹೆ ಕೊಡುವ ಗುಣ ನನಗೆ ಎಲ್ಲಿಂದ ಬಂತೆಂದು ಇಲ್ಲಿಗೆ ತಿಳಿದಿರಬೇಕು. ಮಣಿಕಟ್ಟು ಮುರಿದಿತ್ತು. ಶಿವನ ಬಾಗಿಲಿಗೆ ಹೋಗಿ ದರ್ಶನವಿಲ್ಲದೆ, ನಾಸಿಕದ ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿಸಿಕೊಂಡು ಮನೆಗೆ ಮರಳಿದೆವು.

ಪ್ಲಾಸ್ಟರ್ ಬಿಚ್ಚಿದಾಗ ಎಲುಬು ಕೂಡಿತ್ತು, ಆದರೆ ಅಂಗೈ ಮೇಲಕ್ಕೆ ತಿರುಗುತ್ತಿರಲಿಲ್ಲ. ಬೇರೆಯವರಿಗೆ ಇದು ದೊಡ್ಡ ಮಾತಲ್ಲದಿರಬಹುದು. ನಮ್ಮವ್ವನಿಗೆ ಬೆಳಗಾದರೆ ಎಡ ಅಂಗೈ ಮೇಲೆ ಇಷ್ಟಲಿಂಗವಿಟ್ಟು ಪೂಜೆಯಾಗಬೇಕು, ಅದಾಗದೆ ಬಾಯಿಗೆ ನೀರು ಸೋಕಿಸುವವಳಲ್ಲ. ಈಗ ಅಂಗೈ ಅರ್ಧಕ್ಕೇ ವಾರೆಯಾಗಿ ನಿಲ್ಲುತ್ತಿತ್ತು, ಲಿಂಗ ಕೂರುತ್ತಿರಲಿಲ್ಲ. ಹಿತ್ತಾಳೆ ತಟ್ಟೆಯಲ್ಲಿಟ್ಟು ಪೂಜೆ ಮಾಡತೊಡಗಿದಳು. ಬಲ ಅಂಗೈ ಮೇಲೆ ಇಟ್ಟುಕೋ ಎಂದು ನಾನು ಎಂದಿನಂತೆ ಸಲಹೆ ಕೊಟ್ಟೆ. ಅವಳು ತಟ್ಟೆಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು. ಊಟಕ್ಕೆ ಕೂತರೆ ಬೇಳೆಗೆ ಉಪ್ಪು ಕಮ್ಮಿ ಎಂದು ಕೂಡ ಅನ್ನಲಿಲ್ಲ. ಆಗ ನನ್ನ ಹೆಂಡತಿಗೆ ನಿಜವಾಗಿ ಹೆದರಿಕೆಯಾಯಿತು.

ಕೈಯನ್ನು ದಿನವೂ ತಿರುಗಿಸಿ ತಿರುಗಿಸಿ ಪಳಗಿಸಬೇಕು, ಇಲ್ಲವಾದರೆ ಹೀಗೇ ಉಳಿದುಬಿಡುತ್ತದೆ ಎಂದು ವ್ಯಾಯಾಮ ಕಲಿಸುವ ಡಾಕ್ಟರಮ್ಮ ಹೇಳಿದ್ದರು. ಹಿಚುಕಲು ಒಂದು ರಬ್ಬರ್ ಚೆಂಡನ್ನೂ ಕೊಟ್ಟಿದ್ದರು. ಎರಡು ಸಲ ತಿರುಗಿಸಿದರೆ ಅವ್ವನ ಕಣ್ಣಲ್ಲಿ ನೀರು. ಚೆಂಡು ಕೊಡಲು ಹೋದರೆ, ನಾ ಏನು ಕೂಸೇನು ಚೆಂಡಾಡಲಿಕ್ಕೆ ಎಂದು ಸಿಟ್ಟು.

ಚೆಂಡಾಡದ ಈ ಅವ್ವ ವಿಡಿಯೋ ಗೇಮ್ ಆಡಿದಳು. ನಾನು ಹುಡುಗನಿದ್ದಾಗ ಹಟ ಹಿಡಿದು ಕೊಡಿಸಿಕೊಂಡಿದ್ದ ಕ್ಯಾಸೆಟ್ಟಿನ ಆಟ ಅಟ್ಟದ ಮೇಲಿತ್ತು. ಕಾಲೇಜಿಗೆ ಹೋಗುವ ನನ್ನ ಮಗಳು ಅಕ್ಷತಾ ಅದನ್ನು ಇಳಿಸಿ, ಅಜ್ಜಿಯ ಕೋಣೆಯ ಹಳೇ ಟಿವಿಗೆ ಜೋಡಿಸಿ ಆಡುತ್ತಿದ್ದಳು. ತಲೆಗೆ ಬುಟ್ಟಿ ಕವುಚಿಕೊಂಡಂಥ ಒಬ್ಬ ಗಿಡ್ಡ ಮನುಷ್ಯ ಓಡುತ್ತಾ ಹೊಂಡ ಜಿಗಿಯಬೇಕು. ಪ್ರತಿ ಹಂತದ ಕೊನೆಗೆ ಒಬ್ಬ ಬಾಸ್, ಅಂದರೆ ಸೋಲಿಸಲೇಬೇಕಾದ ದೊಡ್ಡ ವೈರಿ, ಕಾದಿರುತ್ತಾನೆ. ಅವ ಯಾಕೆ ಸುಮ್ಮನೆ ಹೊಂಡಕ್ಕೆ ಬೀಳುತ್ತಾನೆ, ಇಲ್ಲಿ ಕೊಡು ಎಂದು ಅವ್ವ ರಿಮೋಟು ಕಸಿದುಕೊಂಡಳು. ಗಿಡ್ಡನನ್ನು ಓಡಿಸುವ ಗುಂಡಿಗಳು ಎಡಗೈ ಹೆಬ್ಬೆರಳಿನ ಕೆಳಗೇ ಇದ್ದವು. ಅಕ್ಷತಾ ತಕ್ಷಣ ಒಂದು ನೇಮ ಮಾಡಿದಳು: ಗಿಡ್ಡ ಸತ್ತಾಗಲೆಲ್ಲ ಅಜ್ಜಿ ಅಂಗೈಯನ್ನು ಮೇಲೆ ಕೆಳಗೆ ತಿರುಗಿಸಬೇಕು, ಆಮೇಲೆ ಮುಂದಿನ ಜೀವ.

ಆ ಕಾಲದ ಆಟಗಳಿಗೆ ದಯೆ ದಾಕ್ಷಿಣ್ಯ ಇರಲಿಲ್ಲ. ಈಗಿನವುಗಳಲ್ಲಿ ಸತ್ತಲ್ಲೇ ಎದ್ದು ಮುಂದೆ ನಡೆಯಬಹುದಂತೆ. ಆಗ ಜೀವಗಳು ಮುಗಿದರೆ ಮೊದಲಿನ ಹೊಂಡದಿಂದಲೇ ಶುರು. ಆದರೆ ಒಂದು ನ್ಯಾಯವಿತ್ತು. ಪ್ರತಿ ಬಾಸ್‌ಗೂ ಒಂದು ದೌರ್ಬಲ್ಯವಿರುತ್ತಿತ್ತು, ಕಣ್ಣಿಟ್ಟು ನೋಡಿದರೆ ಅದು ಕಾಣುತ್ತಿತ್ತು. ಅವ್ವ ಜೀವನವಿಡೀ ನೆಂಟರಲ್ಲಿ ಅದನ್ನೇ ಹುಡುಕಿದವಳು. ಮೊದಲ ಹಂತದ ಬಾಸ್ ಕಬ್ಬಿಣದ ಏಡಿಯನ್ನು ಒಂದು ಸಂಜೆ ದಿಟ್ಟಿಸಿ, "ಇದು ತಿರುಗಿ ನೋಡಲ್ಲ, ನಿಮ್ಮ ಸೋದರಮಾವನಂಗ" ಎಂದು ಹಿಂದಿನಿಂದ ಹೋಗಿ ಹೊಡೆದೇಬಿಟ್ಟಳು. ಬೆಂಕಿಹಕ್ಕಿಯ ಗತಿಯೂ ಅದೇ ಆಯಿತು.

ಉಳಿದವನು ಕೊನೆಯ ಬಾಸ್ ಕಲ್ಲುರಾಕ್ಷಸ. ಅವನ ಗುಟ್ಟು ನನಗೆ ಬಾಲ್ಯದಿಂದ ಗೊತ್ತು. ದೊಡ್ಡದಾಗಿ ಜಿಗಿದಾಗ ಅವನ ಕಿರೀಟ ಬೀಳುತ್ತದೆ, ಅದನ್ನು ಎತ್ತಿಕೊಳ್ಳಲು ಬಗ್ಗುತ್ತಾನೆ, ಆಗ ಹೊಡೆಯಬೇಕು. ಅವ್ವ ಮಾತ್ರ ಅವನು ನೆಟ್ಟಗೆ ನಿಂತಾಗಲೇ ನುಗ್ಗಿ ಸಾಯುತ್ತಿದ್ದಳು. ನಾನು ಬಾಯಿ ತೆರೆದೆ. ಅಕ್ಷತಾ ನನ್ನ ಮೊಣಕೈ ಹಿಡಿದು ಹೊರಗೆ ಕರೆದುಕೊಂಡು ಹೋದಳು.

"ಪಪ್ಪಾ, ನೀವು ಗಪ್ಪ ಕೂಡ್ರಿ. ಅಜ್ಜಿ ಗೆದ್ದರ ಖೇಳ ಖತಮ್, ಎಕ್ಸರ್ಸೈಜ್ ಭೀ ಬಂದ್" ಎಂದಳು. ಮನೆಯಲ್ಲಿ ಕನ್ನಡ ಮಾತಾಡು ಎಂದು ನಾನು ಗೋಗರೆದರೂ ಮರಾಠಿಯಲ್ಲೇ ಉತ್ತರಿಸುವ ಹುಡುಗಿ ಅಷ್ಟಾದರೂ ಕನ್ನಡ ಆಡಿದ್ದಕ್ಕೆ ನಾನು ಒಪ್ಪಿದೆ.

ಅಂದಿನಿಂದ ನನ್ನ ತಪಸ್ಸು. ಕಾರ್ಖಾನೆಯಿಂದ ಬಂದವನು ಅವ್ವನ ಪಕ್ಕದಲ್ಲಿ ಕೂರುತ್ತಿದ್ದೆ. ಕಿರೀಟ ಬೀಳುತ್ತಿತ್ತು, ರಾಕ್ಷಸ ಬಗ್ಗುತ್ತಿದ್ದ, ಅವ್ವ ಸುಮ್ಮನೆ ನೋಡುತ್ತಿದ್ದಳು, ನಾನು ತುಟಿ ಕಚ್ಚಿಕೊಳ್ಳುತ್ತಿದ್ದೆ. ಅವಳು ಸಾಯುತ್ತಿದ್ದಳು, ಹಲ್ಲು ಕಚ್ಚಿ ಕೈ ತಿರುಗಿಸುತ್ತಿದ್ದಳು. ನಡುನಡುವೆ ಭಾಲ್ಕಿಯ ಮಾತು, ಅಪ್ಪನ ಮಾತು, ನಾನು ಹುಡುಗನಿದ್ದಾಗಿನ ಮಾತು. ಆ ಆಟವನ್ನು ಅಷ್ಟು ಕಠಿಣವಾಗಿ ಮಾಡಿದ ಪುಣ್ಯಾತ್ಮ ಯಾರೋ, ಯಾವ ದೇಶದವನೋ, ಅವನ ಹೊಟ್ಟೆ ತಣ್ಣಗಿರಲಿ. ಸುಲಭ ಮಾಡಿದ್ದರೆ ನಮ್ಮವ್ವ ಒಂದೇ ವಾರದಲ್ಲಿ ಗೆದ್ದು, ವಾರೆ ಕೈಯಲ್ಲೇ ಊರಿಗೆ ಹೋಗುತ್ತಿದ್ದಳು.

ಒಂದು ಬೆಳಗ್ಗೆ ಪೂಜೆ ಬಹಳ ಹೊತ್ತಾದರೂ ಮುಗಿಯಲಿಲ್ಲ. ಬಾಗಿಲಲ್ಲಿ ಇಣುಕಿದೆ. ಹಿತ್ತಾಳೆ ತಟ್ಟೆ ಗೋಡೆಗೆ ಒರಗಿತ್ತು. ಅವ್ವನ ಎಡ ಅಂಗೈ ಮೇಲಕ್ಕೆ ತೆರೆದಿತ್ತು, ಅದರ ಮೇಲೆ ಲಿಂಗ ಕೂತಿತ್ತು. ನನಗೆ ಅಳು ಬಂತು, ಅದನ್ನು ಮುಚ್ಚಿಡುವುದೇನಿದೆ. ಊಟಕ್ಕೆ ಕೂತಾಗ ಬೇಳೆಗೆ ಉಪ್ಪು ಕಮ್ಮಿ ಎಂದಳು. ನನ್ನ ಹೆಂಡತಿ ಖುಷಿಯಿಂದ ಉಪ್ಪಿನ ಡಬ್ಬಿ ತಂದಿಟ್ಟಳು.

ಅಂದು ಸಂಜೆ ಆಟಕ್ಕೆ ಕೂತ ಅವ್ವ ಕಲ್ಲುರಾಕ್ಷಸನ ಮುಂದೆ ಹೋಗಿ ನಿಂತಳು. ಅವನು ಜಿಗಿದ, ಕಿರೀಟ ಬಿತ್ತು, ಬಗ್ಗಿದ. ಅವಳು ಹೊಡೆದಳು. ಮತ್ತೆ ಬಗ್ಗಿದ, ಮತ್ತೆ ಹೊಡೆದಳು. ಒಂದು ಜೀವವೂ ಹೋಗದೆ ರಾಕ್ಷಸ ಪುಡಿಪುಡಿಯಾದ. ಇದು ನಿನಗೆ ಯಾವಾಗ ತಿಳಿಯಿತು ಎಂದು ಕೇಳಿದೆ.

"ಮೊದಲೇ ತಿಳಿದಿತ್ತಪ್ಪ. ಗೆದ್ದಿದ್ರ ಕೈ ತಿರುಗಸಂತ ಯಾರು ಬೆನ್ನ ಹತ್ತತಿದ್ರು? ನಾ ಒಬ್ಬಾಕಿನೇ ಆದ್ರ ನೋವಿಗಿ ಅಂಜಿ ಬಿಟ್ಟುಬಿಡತಿದ್ದೆ." ರಿಮೋಟು ಕೆಳಗಿಟ್ಟು ನನ್ನತ್ತ ನೋಡದೆ ಹೇಳಿದಳು: "ಮತ್ತ ಯಾರರ ತಪ್ಪ ಆಡ್ಲತ್ತಾರಂದ್ರ ನಿನಗ ಎದ್ದು ಹೋಗಲಾಕ ಬರಲ್ಲ. ಗೆದ್ದಿದ್ರ ನೀ ಮೊಬೈಲ್ ಹಿಡ್ಕೊಂಡು ಆ ಕೋಣಿಗಿ ಹೋಗತಿದ್ದಿ."

ಬಾಯಿಗೆ ಬೀಗ ಹಾಕಿಕೊಂಡೆನೆಂಬ ನನ್ನ ಹೆಮ್ಮೆಯೆಲ್ಲ ಅಲ್ಲಿಗೇ ಇಳಿಯಿತು. ಏಡಿಯ ದೌರ್ಬಲ್ಯ ಕಂಡಿದ್ದ ಸಂಜೆಯೇ ಅವಳಿಗೆ ನನ್ನದೂ ಕಂಡಿರಬೇಕು. ಮಾತು ತಪ್ಪಿಸಲು, ಕೊಡು, ನಾನು ಹೇಗೆ ಆಡುತ್ತೇನೆ ನೋಡು ಎಂದು ರಿಮೋಟು ತೆಗೆದುಕೊಂಡೆ. ಇಷ್ಟು ವರ್ಷ ಎಲ್ಲರಿಗೂ ಸಲಹೆ ಕೊಟ್ಟ ನನ್ನ ಗಿಡ್ಡ ನಾಲ್ಕು ಹೆಜ್ಜೆ ಓಡಿ, ಮೊದಲನೆಯ ಹೊಂಡಕ್ಕೇ ಬಿದ್ದ.

"ಹೂಂ, ಕೈ ತಿರುಗಸು" ಎಂದಳು ಅವ್ವ. ನಾನು ತಿರುಗಿಸಿದೆ.