ಮಾನಸ್ಥರ ಗಿಡಕ್ಕೆ ಬೆಳಕು ಹುಡುಕಿದ್ದು

ಬೀಳಗಿಯಲ್ಲಿ ಬೆಳಕಿಗೆ ಬರ ಬಂದಿದೆ ಎಂದು ಯಾರಾದರೂ ಹೇಳಿದರೆ ಅವರ ಹಣೆ ಮುಟ್ಟಿ ನೋಡಬೇಕು, ಜ್ವರ ಇರುತ್ತದೆ. ನಮ್ಮೂರಲ್ಲಿ ಬೆಳಕಿನಲ್ಲಿ ಇರುವುದು ಎರಡೇ ಜಾತಿ: ಒಂದು ಬಿಸಿಲು, ಇನ್ನೊಂದು ರಣಬಿಸಿಲು. (ಕರೆಂಟಿನದು ಬಂದು ಹೋಗುವ ನೆಂಟ, ಅದನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ.) ಇಂಥ ಊರಿನಲ್ಲಿ ಹುಟ್ಟಿ, ಬೆಳೆದು, ತಲೆ ಬೋಳಾಗುವವರೆಗೂ ಬಾಳಿದ ನಾನು ಕಳೆದ ವರ್ಷವಿಡೀ ಬೆಳಕು ಹುಡುಕುತ್ತ ನನ್ನದೇ ಮನೆಯೊಳಗೆ ಅಲೆದೆ. ಇದಕ್ಕೆ ಕಾರಣ ನನ್ನ ಹೆಂಡತಿಯ ತಂಗಿ.

ವಂದನಾ ಬೆಳಗಾವಿಯ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ವರ್ಷದ ಮಟ್ಟಿಗೆ ದಿಲ್ಲಿಗೆ ಹೊರಟವಳು ಫಾಲ್ಗುಣದ ಒಂದು ಮುಂಜಾನೆ ನಮ್ಮ ಮನೆಯ ಮುಂದೆ ಕಾರು ನಿಲ್ಲಿಸಿ, ಹಿಂದಿನ ಸೀಟಿನಿಂದ ಒಂದು ಕುಂಡವನ್ನು ಹಸುಗೂಸಿನಂತೆ ಎತ್ತಿಕೊಂಡು ಬಂದಳು.

"ಅಕ್ಕಾ, ಇದು ಮಾನ್‌ಸ್ಟೆರಾ. ನನ್ನ ಮಗಳಿದ್ದಂಗ. ನೆಟ್ಟಗ ಬಿಸಲು ಬೀಳಬಾರದು, ಕತ್ತಲಿನೂ ಇರಬಾರದು. ಬ್ರೈಟ್ ಇನ್‌ಡೈರೆಕ್ಟ್ ಲೈಟ್ ಬೇಕು. ಆಗಾಗ ವಿಡಿಯೋ ಕಾಲ್ ಮಾಡಿ ನೋಡ್ತೀನಿ."

ನನ್ನ ಅವ್ವ ಶಿವವ್ವ ಕಣ್ಣು ಕಿರಿದು ಮಾಡಿಕೊಂಡು ಎಲೆಗಳನ್ನು ಪರೀಕ್ಷಿಸಿದಳು. "ಯವ್ವಾ ತಂಗಿ, ಇದಕ್ಕ ಹುಳ ಹತ್ತೈತಲ್ಲ! ಎಲಿ ತುಂಬ ತೂತು."

"ಅದು ಇರೂದ ಹಂಗರೀ ಅತ್ತಿ. ತೂತು ಇದ್ರನ ಅದಕ್ಕ ಕಿಮ್ಮತ್ತು."

"ಹಂಗಾರ ನಮ್ಮ ಬಸುನ ಬನೀನಿಗೆ ಭಾಳ ಕಿಮ್ಮತ್ತ ಬರಬೇಕಾತು ಬಿಡು."

ಬಸು ಎಂದರೆ ನಾನೇ. ಎಲ್ಲರೂ ನಕ್ಕರು. ನಾದಿನಿಯ ಮುಂದೆ ಹೋದ ಮರ್ಯಾದೆಯನ್ನು ಅಲ್ಲೇ ಗಳಿಸಿಕೊಳ್ಳುವ ಆತುರದಲ್ಲಿ ನಾನು ಎದೆಯುಬ್ಬಿಸಿ, "ಗಿಡದ ಜವಾಬ್ದಾರಿ ನಂದು ಬಿಡವಾ ವಂದನಾ. ಬೆಳಕಿನ ವಿಷಯ ನನಗ ಬಿಡು" ಎಂದೆ. ಸಕ್ಕರೆ ಕಾರ್ಖಾನೆಯ ಕಚೇರಿಯಲ್ಲಿ ಇಪ್ಪತ್ತು ವರ್ಷ ಟ್ಯೂಬ್‌ಲೈಟಿನ ಕೆಳಗೆ ಕುಳಿತವನಿಗೆ ಬೆಳಕಿನ ಬಗ್ಗೆ ಅಷ್ಟೊಂದು ಆತ್ಮವಿಶ್ವಾಸ ಎಲ್ಲಿಂದ ಬಂತೋ ಆ ಬಸವಣ್ಣನಿಗೇ ಗೊತ್ತು.

ಕಾರು ಮರೆಯಾದ ಮೇಲೆ ಹೆಂಡತಿ ದಾನೇಶ್ವರಿ ನನ್ನತ್ತ ತಿರುಗಿದಳು. ಆಕೆ ಸಾಲಿ ಟೀಚರು. ತಿರುಗಿದರೆ ಇಡೀ ವರ್ಗವೇ ನೆಟ್ಟಗೆ ಕೂರುತ್ತದೆ.

"ನೋಡ್ರಿ, ಸಣ್ಣಾಕಿದ್ದಾಗಿಂದ ಆಕಿ ಸಾಮಾನು ನಾನು ಮುರೀತೀನಂತ ನಮ್ಮವ್ವನ ಮುಂದ ಹೇಳ್ತಾ ಬಂದಾಳ. ಈ ಗಿಡ ಒಣಗಿತಂದ್ರ ನಾ ತವರಮನಿಗೆ ಮುಖ ತೋರಸಾಕ ಬರಂಗಿಲ್ಲ."

"ತವರಮನಿಗೆ ಹೋಗೂದ ಬಂದ್ ಆಗತೈತಿ?" ಎಂದು ನಾನು ಕೇಳಿದ್ದರಲ್ಲಿ ಕೊಂಚ ಆಸೆ ಇಣುಕಿತೇನೋ. ಅಂದು ಊಟಕ್ಕೆ ಸಾರಿರಲಿಲ್ಲ.

ಎರಡೇ ದಿನಗಳಲ್ಲಿ ಮಾನ್‌ಸ್ಟೆರಾ ಎಂಬುದು ಅವ್ವನ ಬಾಯಲ್ಲಿ 'ಮಾನಸ್ಥರ ಗಿಡ' ಆಯಿತು. ಆಮೇಲೆ ಮನೆಯಲ್ಲಿ ಮಾನ ಉಳಿದದ್ದು ಅದಕ್ಕೊಂದಕ್ಕೇ.

ಪಡಸಾಲೆಯ ಪಡುವಣ ಕಿಟಕಿಯ ಹತ್ತಿರ ಗಿಡವನ್ನಿಟ್ಟೆ. ಬೆಳಕು ಅಳೆಯುವ ಆ್ಯಪೊಂದನ್ನು ಫೋನಿಗೆ ಹಾಕಿಕೊಂಡೆ. ಚೈತ್ರ ಮುಗಿಯುವಷ್ಟರಲ್ಲಿ ಮಧ್ಯಾಹ್ನದ ಬಿಸಿಲು ಒಳನುಗ್ಗಿ ಎರಡು ಎಲೆಗಳನ್ನು ಹಂಚಿನ ಮೇಲೆ ಮರೆತ ರೊಟ್ಟಿಯಂತೆ ಸುಟ್ಟಿತು. ವಿಡಿಯೋದಲ್ಲಿ ಕಂಡು ವಂದನಾ ಚೀರಿದಳು. ಬೆಳಕನ್ನು ತೆಳ್ಳನೆಯ ಬಟ್ಟೆಯಿಂದ ಸೋಸಿ ಕೊಡಬೇಕಂತೆ. ಮನೆಯ ಚಾದರ ಹಿಡಿದರೆ ಕತ್ತಲೆ, ಸೊಳ್ಳೆಪರದೆ ಹಿಡಿದರೆ ಬಿಸಿಲು. ಆಗ ನನಗೊಂದು ದಿವ್ಯ ಉಪಾಯ ಹೊಳೆಯಿತು.

"ದಾನೇಶ್ವರಿ, ರವಿವಾರ ರಬಕವಿಗೆ ಹೋಗಿ ಒಂದ ಸೀರಿ ತರೂಣು."

ಆಕೆ ಚಹಾದ ಕಪ್ಪು ಕೆಳಗಿಟ್ಟಳು. ಮದುವೆಯಾದ ಮೇಲೆ ನಾನಾಗಿಯೇ ಸೀರೆಯ ಮಾತೆತ್ತಿದ್ದು ಅದೇ ಮೊದಲು. ರವಿವಾರ ಬಸ್ಸಿನಲ್ಲಿ ನನಗೆ ಕಿಟಕಿಯ ಸೀಟು ಬಿಟ್ಟುಕೊಟ್ಟಳು. ದಾರಿಯಲ್ಲಿ ಎರಡು ಸಲ ಸುಮ್ಮಸುಮ್ಮನೆ ನಕ್ಕಳು. ನಾನು ಪಾಪಿ, ಆ್ಯಪ್ ನೋಡುತ್ತ ಕುಳಿತಿದ್ದೆ.

ಅಂಗಡಿಯ ಶಿದ್ರಾಮಪ್ಪ ಕೈಮಗ್ಗದ ಸೀರೆಗಳನ್ನು ಹಾಸಿದ. ನಾನು ಒಂದೊಂದನ್ನೇ ಬಾಗಿಲಿಗೆ ಒಯ್ದು, ಬಿಸಿಲಿಗೆ ಅಡ್ಡ ಹಿಡಿದು, ಹಿಂದೆ ಫೋನು ಇಟ್ಟು ಅಳೆದೆ.

"ಅಕ್ಕಾರ, ಪುಣ್ಯ ಮಾಡೀರಿ ನೋಡ್ರಿ," ಎಂದ ಶಿದ್ರಾಮಪ್ಪ. "ಹೆಂಡ್ತಿ ಸೀರಿ ನೂಲನ್ನ ಇಷ್ಟು ಪರೀಕ್ಷಾ ಮಾಡೂ ಗಂಡಸ್ರನ್ನ ನಾ ನೋಡೇ ಇಲ್ಲ."

ದಾನೇಶ್ವರಿ ನಾಚಿದಳು. ಆಕೆಯ ಕೈಯಲ್ಲಿದ್ದ ಹಸಿರು ಸೀರೆಯನ್ನೂ ಕಸಿದು ಅಳೆದು, ನಾನು ತಲೆಯಾಡಿಸಿದೆ. "ಊಹೂಂ, ದಪ್ಪ ಆತು. ಇನ್ನೂ ತೆಳ್ಳಂದು ತೋರಸ್ರಿ."

"ಖರೆ ಐತ್ರಿ, ಅಕ್ಕಾರಿಗೆ ಸೆಕಿ ಆಗಬಾರದು."

"ಅಕ್ಕಾರದೇನ್ರಿ, ಗಿಡಕ್ಕ ಬೆಳಕ ಹತ್ತಬೇಕು," ಎಂದುಬಿಟ್ಟೆ.

ಶಿದ್ರಾಮಪ್ಪ ಮಡಚಿದ ಸೀರೆಯನ್ನೇ ಮತ್ತೆ ಮಡಚತೊಡಗಿದ.

"ಅಂದ್ರ," ಎಂದಳು ದಾನೇಶ್ವರಿ, ಹಾಜರಿ ಕರೆಯುವ ದನಿಯಲ್ಲಿ, "ಸೀರಿ ನನಗಲ್ಲ?"

"ನಿನಗ... ಅಂದ್ರ, ನಮ್ಮೆಲ್ಲಾರಿಗೂ..."

ಹಸಿರು ಸೀರೆಯ ಜೊತೆಗೆ ಇನ್ನೊಂದು ರೇಷ್ಮೆಯದನ್ನೂ ಆಕೆ ಕಟ್ಟಿಸಿಕೊಂಡಳು. ಬರುವಾಗ ಬಸ್ಸಿನಲ್ಲಿ ಕಿಟಕಿಯ ಸೀಟು ಆಕೆಯದು, ಪಕ್ಕದ ಸೀಟು ಸೀರೆಗಳದು, ನಾನು ನಿಂತು ಬಂದೆ. ಮನೆಗೆ ಬಂದವಳೇ ಟ್ರಂಕಿನಿಂದ ನನ್ನ ಮದುವೆಯ ಜರಿ ಧೋತರ ತೆಗೆದು ಕಿಟಕಿಗೆ ಮೊಳೆ ಹೊಡೆದು ಬಿಗಿದಳು. ಅಳೆದು ನೋಡಿದೆ. ಬೆಳಕು ಹೇಳಿ ಮಾಡಿಸಿದ ಹಾಗಿತ್ತು. ಇಪ್ಪತ್ತು ವರ್ಷ ಮೊದಲು ನಾನದನ್ನು ಉಟ್ಟುಕೊಂಡು ಮಂಟಪದಲ್ಲಿ ಅಷ್ಟು ಹೊತ್ತು ನಿಂತಿದ್ದೆನಲ್ಲ ಎಂದು ನೆನೆದು ಮೈ ಬೆವರಿತು.

ಬೇಸಿಗೆ ಹೀಗೆ ಕಳೆಯಿತು. ಆಷಾಢ ಬಂತು. ನಮ್ಮಲ್ಲಿ ಮಳೆ ಬರುವುದಕ್ಕಿಂತ ಮಳೆ ಬರುತ್ತದೆಂದು ಹೆದರಿಸುವ ಮೋಡ ಬರುವುದೇ ಹೆಚ್ಚು. ಪಡಸಾಲೆ ಮಂಕಾಯಿತು, ಗಿಡ ಕತ್ತು ಉದ್ದ ಮಾಡಿ ಕಿಟಕಿಯತ್ತ ವಾಲಿತು. ಆನ್‌ಲೈನಿನಲ್ಲಿ ಗಿಡಕ್ಕೆಂದೇ ಮಾಡಿದ ದೀಪ ತರಿಸಿದೆ. ಹಚ್ಚಿದರೆ ಗಾಢ ಗುಲಾಬಿ ಬಣ್ಣ! ಸಂಜೆ ಧೋತರದ ಹಿಂದಿನಿಂದ ಆ ಬೆಳಕು ಇಡೀ ಓಣಿಗೆ ಚೆಲ್ಲುತ್ತಿತ್ತು. ಮೂರನೆಯ ಸಂಜೆ ಓಣಿಯ ಹಿರಿಯ ರಾಚಪ್ಪನವರು ಟೊಪ್ಪಿಗೆ ಸರಿಮಾಡಿಕೊಳ್ಳುತ್ತ ಬಂದರು. ಒಳಗೆ ಬರಲಿಲ್ಲ. ಹೊಸ್ತಿಲ ಆಚೆಯೇ ನಿಂತರು.

"ಶಿವವ್ವಾ, ನಾವು ಮರ್ಯಾದಸ್ತರು ಇರೂ ಓಣಿ ಇದು. ನಿಮ್ಮ ಮನ್ಯಾಗ ಸಂಜಿ ಆತಂದ್ರ ಎಂಥಾ ಲೈಟ್ ಹಚ್ಚಾಕತ್ತೀರಿ? ಮಂದಿ ಒಂದಕ್ಕೆರಡು ಮಾತಾಡ್ತಾರ."

ಅವ್ವ ಬಾಗಿಲಿಗೆ ಬಂದು ಗಟ್ಟಿಯಾಗಿ ಹೇಳಿದಳು: "ನಾವೂ ಮಾನಸ್ಥರಿಗೇ ಹಚ್ಚೇವಿ ರಾಚಪ್ಪ! ಸಂಜೀ ಮುಂದ ಅವರಿಗೆ ಆ ಲೈಟ್ ಇಲ್ಲಂದ್ರ ನಡಿಯಂಗಿಲ್ಲ."

ರಾಚಪ್ಪನವರು "ಶಿವ ಶಿವಾ" ಎಂದರು. ನಾನು ಓಡಿ ಬಂದು ಗಿಡವನ್ನು ತೋರಿಸಿ ಪಾರಾದೆ. ಆದರೂ ಆಮೇಲೆ ಎಷ್ಟೋ ದಿನ ಓಣಿಯ ಗಂಡಸರು ನಮ್ಮ ಮನೆಯ ಮುಂದೆ ಹಾಯುವಾಗ ನಡಿಗೆ ನಿಧಾನ ಮಾಡುತ್ತಿದ್ದರು.

ಚಳಿಗಾಲಕ್ಕೆ ಸೂರ್ಯ ದಕ್ಷಿಣಕ್ಕೆ ಸರಿದ. ಆ್ಯಪು ಹಿಡಿದು ಮನೆಯೆಲ್ಲ ಸುತ್ತಿದೆ. ಒಳ್ಳೆಯ ಬೆಳಕಿದ್ದದ್ದು ಒಂದೇ ಕಡೆ, ಅವ್ವನ ಕೋಣೆಯಲ್ಲಿ. ನಾನು ತಲೆ ಕೆರೆದುಕೊಳ್ಳುತ್ತ ಬಾಗಿಲಲ್ಲಿ ನಿಂತೆ.

"ಯವ್ವಾ, ನಾಕ ತಿಂಗಳ ಮಟ್ಟಿಗೆ ನಿನ್ನ ಮಂಚ ಪಡಸಾಲ್ಯಾಗ ಹಾಕಲೇನು?"

"ಹಡದ ತಾಯಿನ್ನ ಹೊರಗ ಹಾಕಿ ಗಿಡಾನ ಒಳಗ ಇಡ್ತಿ ಅನ್ನು."

"ಹೊರಗಲ್ಲಬೇ, ಪಡಸಾಲಿ. ಟಿವಿ ಮುಂದನ."

ಅವ್ವ ಟಿವಿಯತ್ತ ಕತ್ತು ಹೊರಳಿಸಿ, "ರಿಮೋಟ ಎಲ್ಲಿರತೈತಿ?" ಎಂದಳು.

ಅಂದಿನಿಂದ ರಿಮೋಟು ಅವ್ವನ ದಿಂಬಿನ ಕೆಳಗೆ. ಮುಂಜಾನೆ ಪ್ರವಚನ, ಮಧ್ಯಾಹ್ನ ಧಾರಾವಾಹಿ, ಸಂಜೆ ಮಧ್ಯಾಹ್ನದ ಧಾರಾವಾಹಿಯೇ ಮತ್ತೊಮ್ಮೆ. ಗೆಳತಿ ಸಾವಿತ್ರೆವ್ವ ಬೇರೆ ಬಂದು ಸೋಫಾ ಹಿಡಿದಳು. ಮಲಗುವ ಕೋಣೆಯ ಮೇಜಿನ ಮೇಲೆ ದಾನೇಶ್ವರಿಯ ಉತ್ತರಪತ್ರಿಕೆಗಳ ರಾಶಿ. ನನಗೆ ಉಳಿದದ್ದು ಕಿಟಕಿಯೇ ಇಲ್ಲದ ನಡುಕೋಣೆ, ಜೋಳದ ಚೀಲಗಳ ನಡುವೆ ಒಂದು ಕುರ್ಚಿ. ಕಚೇರಿಯಿಂದ ಬಂದು ಅಲ್ಲಿ ಕುಳಿತರೆ ಊಟಕ್ಕೆ ಕರೆದಾಗಲೇ ಏಳುವುದು. ಗಿಡ ಮಾತ್ರ ಅವ್ವನ ಕೋಣೆಯಲ್ಲಿ ಕಾಲು ಚಾಚಿ ಹೊಸ ಎಲೆ ಬಿಟ್ಟಿತು.

ಶಿವರಾತ್ರಿಯ ಹೊತ್ತಿಗೆ ನನಗೆ ಸೊಂಟ ನೋವು, ಮೊಣಕಾಲು ನೋವು, ಸುಮ್ಮನಿದ್ದರೂ ದಣಿವು. ಕುಂಡ ಎತ್ತಿ ಎತ್ತಿ ಹೀಗಾಗಿದೆ, ಇದೊಂದು ತ್ಯಾಗ ಎಂದುಕೊಂಡು ದಾನೇಶ್ವರಿಯನ್ನು ಕರೆದುಕೊಂಡೇ ಡಾಕ್ಟರ ಬಳಿ ಹೋದೆ. ಆಕೆಯ ಕಣ್ಣು ಒದ್ದೆಯಾಗುವುದನ್ನು ಒಮ್ಮೆ ನೋಡಬೇಕಿತ್ತು. ಡಾಕ್ಟರು ರಕ್ತಪರೀಕ್ಷೆಯ ಫಲಿತಾಂಶ ನೋಡಿ ಕನ್ನಡಕ ಮೇಲೇರಿಸಿದರು.

"ಸೊಂಟಕ್ಕ ಏನೂ ಆಗಿಲ್ರಿ. ಮೈಯಾಗ ಡಿ ವಿಟಮಿನ್ ಇಲ್ಲ. ನಿಮಗ ಬಿಸಲ ಸಾಲದು."

"ಬೀಳಗ್ಯಾಗ ಬಿಸಲ ಸಾಲದಾ ಡಾಕ್ಟ್ರ?"

"ಊರಿಗೆ ಬೇಕಾದಷ್ಟೈತಿ. ನಿಮಗ ಹತ್ತಿಲ್ಲ. ದಿನಾ ಮುಂಜಾನಿ ಬಿಸಲಾಗ ಕುಂಡ್ರಿ. ಮೈಮ್ಯಾಲ ಅಂಗಿ ಬ್ಯಾಡ."

ದಾನೇಶ್ವರಿಯ ಕಣ್ಣು ನಿಜಕ್ಕೂ ಒದ್ದೆಯಾಯಿತು, ನಗು ತಡೆದು ತಡೆದು.

ಮರುದಿನದಿಂದಲೇ ನನ್ನನ್ನು ಮಾಳಿಗೆಗೆ ಹತ್ತಿಸಿದರು. ಅದು ಸಂಡಿಗೆ, ಹಪ್ಪಳ ಮಾಡುವ ಸಮಯ. ಅವ್ವ ಮತ್ತು ಸಾವಿತ್ರೆವ್ವ ಹಾಸಿದ ಚಾಪೆಗಳ ನಡುವೆ ಒಂದು ಮಣೆಯಷ್ಟು ಜಾಗ ನನಗೆ ಸಿಕ್ಕಿತು. ಬರಿಮೈಯಲ್ಲಿ, ಚಡ್ಡಿಯೊಂದನ್ನೇ ತೊಟ್ಟು ಕುಳಿತೆ. ಪಕ್ಕದ ಮಾಳಿಗೆಯಿಂದ ರಾಚಪ್ಪನವರು ನೋಡಿ ಈ ಸಲವೂ "ಶಿವ ಶಿವಾ" ಎಂದರು.

ಅಂಥದೊಂದು ಮುಂಜಾನೆ ಕೆಳಗೆ ಕಾರು ನಿಂತ ಸದ್ದಾಯಿತು. ವಂದನಾ! ನಾನು ದಡಬಡಿಸಿ ಎದ್ದೆ. ಅಂಗಿ ಕೆಳಗಿತ್ತು. ಮೆಟ್ಟಿಲ ಬಾಯಿಗೆ ಕಿವಿಯಿಟ್ಟು ನಿಂತೆ. ವರ್ಷದ ಶ್ರಮಕ್ಕೆ ಹೊಗಳಿಕೆ ಕೇಳುವ ಗಳಿಗೆ.

"ಅಯ್ಯೋ ಅಕ್ಕಾ, ಎಷ್ಟ್ ಛಲೋ ಬೆಳಸೀದಿ! ನಿನ್ನ ಕೈಯಾಗ ಏನೈತಿ ಅಂತೀನಿ!"

"ಏನಿಲ್ಲವಾ, ಒಂದೀಟು ಲಕ್ಷ್ಯ ಕೊಟ್ಟು ನೋಡಿಕೊಂಡೆ," ಎಂದಳು ನನ್ನ ಧರ್ಮಪತ್ನಿ.

"ಮಾಮಾ ಎಲ್ಲಿ? ಕಾಣವಲ್ರು?"

"ನಿಮ್ಮ ಮಾಮಾ ಏನು," ಎಂದಳು ದಾನೇಶ್ವರಿ, "ಸಂಡಿಗಿ ಜೋಡಿ ಮಾಳಿಗಿ ಮ್ಯಾಲ ಒಣಗಾಕ ಹಾಕೇನಿ."

ಅಕ್ಕತಂಗಿಯರ ನಗು ಮೆಟ್ಟಿಲು ಹತ್ತಿ ಬಂತು. ನಾನು ಇಳಿಯಲೋ ಬೇಡವೋ ಎಂದು ತೊಳಲಾಡುವಷ್ಟರಲ್ಲಿ ಕಾರಿನ ಬಾಗಿಲು ಹಾಕಿದ ಸದ್ದಾಯಿತು. ಮಾಳಿಗೆಯ ಅಂಚಿನಿಂದ ಬಗ್ಗಿ ನೋಡಿದೆ. ಮಾನಸ್ಥರು ಮುಂದಿನ ಸೀಟಿನಲ್ಲಿ ಬೆಲ್ಟು ಹಾಕಿಕೊಂಡು ಕುಳಿತಿದ್ದರು. ಬೀಳ್ಕೊಡಲು ಕೈಯೆತ್ತುವಷ್ಟರಲ್ಲಿ ಕೆಳಗಿನಿಂದ ಅವ್ವನ ದನಿ ಬಂತು:

"ಲೇ ಬಸು, ಕೈ ಬೀಸೂದು ಸಾಕು! ಹೆಂಗೂ ಮ್ಯಾಲ ಕುಂತಿ, ಕಾಗಿ ಹೊಡಿ!"

ತಿರುಗಿ ನೋಡಿದೆ. ಒಂದು ಕಾಗೆ ನನ್ನ ಜಾಗದಲ್ಲೇ ನಿಂತು ನಿಶ್ಚಿಂತೆಯಿಂದ ಸಂಡಿಗೆ ತಿನ್ನುತ್ತಿತ್ತು. "ಹುಶ್" ಎಂದೆ. ಅದು ನನ್ನನ್ನು ತಲೆಯಿಂದ ಚಡ್ಡಿಯವರೆಗೆ ಒಮ್ಮೆ ನೋಡಿ, ಇನ್ನೊಂದು ಸಂಡಿಗೆಗೆ ಬಾಯಿ ಹಾಕಿತು.